ವಿಳಾಸ ಕೊಡುವ ಜೂರಾಕಾನ್

ಸೋಮವಾರ, ಬೆಳಗಿನ ಐದು ಗಂಟೆ. ಕಿರ್ಗಿಸ್ತಾನದ ರಾಜಧಾನಿ ಬಿಶ್ಕೆಕ್‌ನ ಹಳೇ ಸಾರ್ವಜನಿಕ ಸ್ನಾನಗೃಹದ ಹಿಂಬಾಗಿಲು ತೆರೆದು ಜೂರಾಕಾನ್ ಹೊರಗೆ ನಿಂತವರನ್ನು ಎಣಿಸುತ್ತಾರೆ. ಏಳು ಜನ. ಸೂರಿಲ್ಲದೆ ರಾತ್ರಿಯಿಡೀ ಬಿಸಿನೀರಿನ ಕೊಳವೆಗಳಿಗೆ ಬೆನ್ನು ಕೊಟ್ಟು ಮಲಗಿದ್ದವರು. ಒಬ್ಬೊಬ್ಬರಿಗೂ ಒಂದು ಸೋಪಿನ ತುಂಡು, ಒಂದು ಟವೆಲ್ಲು. ಏಳು ಗಂಟೆಗೆ ಗಿರಾಕಿಗಳು ಬರುವಷ್ಟರಲ್ಲಿ ಎಲ್ಲರೂ ಮಿಂದು, ಗಡ್ಡ ಹೆರೆದು ಹೊರಬೀಳಬೇಕು. ಆಮೇಲೆ ನೆಲ ತಿಕ್ಕುವವರೂ ಜೂರಾಕಾನ್ ಅವರೇ. ಅರವತ್ತಮೂರರ ಮಂಡಿ ಈಗೀಗ ಮಾತು ಕೇಳುತ್ತಿಲ್ಲ.

ಸ್ನಾನಕ್ಕೂ ಸೂರಿಗೂ ಏನು ಸಂಬಂಧ ಅಂದಿರಾ? ಗಂಟಿರುವುದೇ ಅಲ್ಲಿ. ಸರ್ಕಾರಿ ವಸತಿಗೃಹದಲ್ಲಿ ಹಾಸಿಗೆ ಬೇಕೆಂದರೆ ಗುರುತಿನ ಚೀಟಿ ಬೇಕು. ಚೀಟಿಗೆ ವಿಳಾಸ ಬೇಕು. ವಿಳಾಸ ಇದ್ದವನು ಹಾಸಿಗೆ ಕೇಳಿಕೊಂಡು ಯಾಕಾದರೂ ಬರುತ್ತಾನೆ! ಇನ್ನು ಚೀಟಿಗೆ ಬೇಕಾದ ಫೋಟೋ, ಕೊಳೆ ಮೈಯವನನ್ನು ಸ್ಟುಡಿಯೋದವರು ಹೊಸಿಲು ದಾಟಿಸುವುದಿಲ್ಲ. ಜೂರಾಕಾನ್ ಕೈಗೆ ಎಟುಕಿದ್ದು ಸ್ನಾನವೊಂದೇ, ಅಲ್ಲಿಂದಲೇ ಶುರು ಮಾಡಿದರು. ಒಂಬತ್ತು ವರ್ಷದ ಹಿಂದೆ, ಗಂಡ ತೀರಿಕೊಂಡ ಚಳಿಗಾಲದಲ್ಲಿ, ಇದೇ ಹಿಂಬಾಗಿಲಲ್ಲಿ ಒಬ್ಬ ಚಳಿಗೆ ಸೆಟೆದು ಸತ್ತಿದ್ದ.

“ಪೊಲೀಸರು ಬಂದು ಇವನ ಹೆಸರೇನು ಅಂದ್ರು. ದಿನಾ ನೋಡ್ತಿದ್ದೆ, ಒಂದಿನಾನೂ ಕೇಳಿರಲಿಲ್ಲ” ಎನ್ನುತ್ತಾರೆ ಜೂರಾಕಾನ್.

ಈ ವಾರದ ಚಿಂತೆ ಇಮಾನ್‌ಕುಲ್. ಐವತ್ತು ದಾಟಿದ ಗಾರೆ ಕೆಲಸದವನು, ಕಾಗದಪತ್ರ ಕಳೆದುಕೊಂಡು ಆರು ವರ್ಷ. ವಸತಿಗೃಹದವರು ಅವನಿಗಾಗಿ ಹಾಸಿಗೆ ಹಿಡಿದಿಟ್ಟಿರುವುದು ಶುಕ್ರವಾರದವರೆಗೆ ಮಾತ್ರ. ಬೆಟ್ಟದ ಮೇಲೆ ಆಗಲೇ ಹಿಮ ಬಿದ್ದಿದೆ. ಗುರುತಿನ ಚೀಟಿ ಸಿಗಬೇಕಾದರೆ, ಇವನು ನಮ್ಮೂರಿನವನೇ ಎಂದು ಹಿರಿಯರೊಬ್ಬರು ಸಹಿ ಹಾಕಬೇಕು. ಜೂರಾಕಾನ್ ಫೋನಿನಲ್ಲಿ ಗೋಗರೆದು, ಶಾಯ್ಲೋಬೆಕ್ ಎಂಬ ಹಿರಿಯರನ್ನು ಅವನ ಊರಿನಿಂದ ಕರೆಸಿದ್ದಾರೆ.

ಸ್ನಾನಗೃಹದ ಚಹಾ ಕೋಣೆಯಲ್ಲಿ ಕೂತ ಹಿರಿಯರು ಎಲ್ಲ ಕಿರ್ಗಿಜ್ ಹಿರಿಯರೂ ಕೇಳುವುದನ್ನೇ ಕೇಳುತ್ತಾರೆ: ಏಳು ತಲೆಮಾರಿನ ಅಪ್ಪಂದಿರ ಹೆಸರು ಹೇಳು. ಇಮಾನ್‌ಕುಲ್ ಮೂರಕ್ಕೆ ನಿಲ್ಲುತ್ತಾನೆ. ನಾಚಿಕೆಯಾಗಿ, ನಾಲ್ಕನೆಯದಕ್ಕೆ ಬಾಯಿಗೆ ಬಂದ ಹೆಸರೊಂದನ್ನು ಹೇಳಿಬಿಡುತ್ತಾನೆ. ಅಲ್ಲೇ ಕೆಟ್ಟಿತು.

“ಅಪ್ಪಂದಿರೇ ಗೊತ್ತಿಲ್ಲ, ಅದರ ಮೇಲೆ ಸುಳ್ಳು ಬೇರೆ. ನನ್ನ ಕೈಲಿ ಸಹಿ ಆಗಲ್ಲಮ್ಮ.” ಪೆನ್ನು ಕೆಳಗಿಟ್ಟು ಅವರು ಎದ್ದೇಬಿಡುತ್ತಾರೆ.

ಅಪ್ಪ ಬಿಟ್ಟುಹೋದಾಗ ಇಮಾನ್‌ಕುಲ್‌ಗೆ ನಾಲ್ಕು ವರ್ಷ. ಹೇಳಿಕೊಡುವವರಾದರೂ ಯಾರಿದ್ದರು? ಬೆಳಗಿನಿಂದ ನಿಂತೇ ಇದ್ದ ಜೂರಾಕಾನ್‌ಗೆ ಸಾಕುಸಾಕಾಗಿದೆ. ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಕೂರುತ್ತಾರೆ.

“ಅಪ್ಪ ಓಡಿಹೋದ್ರೆ ಇವನೇನು ಮಾಡ್ತಾನೆ ಅಣ್ಣಾ? ರೊಟ್ಟಿ ಕೊಟ್ಟು ಸಾಕಿದವಳು ಯಾರು ಅಂತ ಕೇಳಿ.”

ಅಜ್ಜಿ ಉಪೆಲ್‌ಕಾನ್ ಎನ್ನುತ್ತಾನೆ ಇಮಾನ್‌ಕುಲ್, ನೆಲ ನೋಡುತ್ತ. ಗಿರಣಿಯ ಪಕ್ಕದ ಮನೆ. ಚಳಿಗಾಲದಲ್ಲಿ ಕುಂಟು ಕತ್ತೆಯನ್ನು ಅಜ್ಜಿ ಒಳಗೇ ಕಟ್ಟುತ್ತಿದ್ದಳಂತೆ, ಮೊಮ್ಮಗನನ್ನು ಅದರ ಹೊಟ್ಟೆಗೆ ಆನಿಸಿ ಮಲಗಿಸುತ್ತಿದ್ದಳಂತೆ.

ಬಾಗಿಲ ಬಳಿ ನಿಂತಿದ್ದ ಶಾಯ್ಲೋಬೆಕ್ ಅವನತ್ತ ತಿರುಗುತ್ತಾರೆ.

“ಆ ಕತ್ತೆ ನನ್ನ ಟೋಪಿ ತಿಂದಿತ್ತು. ನಿಮ್ಮಜ್ಜಿ ನನಗೇ ಬೈದ್ಲು” ಎಂದು ವಾಪಸು ಕೂತು, ಸಹಿ ಹಾಕುತ್ತಾರೆ.

ಉಳಿದದ್ದು ವಿಳಾಸದ ಸಾಲು. ಅಲ್ಲಿ ಜೂರಾಕಾನ್ ತಮ್ಮದೇ ಮನೆಯ ವಿಳಾಸ ಬರೆಯುತ್ತಾರೆ. ಎರಡು ಕೋಣೆಯ ಆ ಮನೆಯಲ್ಲಿ ಸರ್ಕಾರದ ಪ್ರಕಾರ ಆಗಲೇ ಮೂವತ್ತೊಂದು ಜನ ‘ಬಾಡಿಗೆದಾರ’ರಿದ್ದಾರೆ, ಇಮಾನ್‌ಕುಲ್ ಮೂವತ್ತೆರಡನೆಯವನು. ನಿಜವಾಗಿ ಇರುವುದು ಅವರೊಬ್ಬರೇ. ಪೊಲೀಸರು ಎರಡು ಸಲ ಬಂದು ಮಂಚದ ಕೆಳಗೆ ಬಗ್ಗಿ ನೋಡಿ ಹೋಗಿದ್ದಾರೆ. ನಾಳೆ ಇವರೆಲ್ಲ ಪಾಲು ಕೇಳಿದರೇನು ಗತಿ ಎಂದು ಜಗಳವಾಡಿದ ತಂಗಿ ಮಾತು ಬಿಟ್ಟು ವರ್ಷವಾಯಿತು. ಸ್ವಂತ ಬಾಗಿಲು ಸಿಕ್ಕವರು ಬಂದು ತಮ್ಮ ಹೆಸರು ತೆಗೆಸುತ್ತಾರೆ. ಒಂಬತ್ತು ವರ್ಷದಲ್ಲಿ ಹಾಗೆ ತೆಗೆಸಿದವರು ಹನ್ನೊಂದೇ ಜನ.

ಗುರುವಾರ ಸಂಜೆ ಇಮಾನ್‌ಕುಲ್‌ಗೆ ಹಾಸಿಗೆ ಸಿಗುತ್ತದೆ. ಮುಂದಿನ ಸೋಮವಾರ ಹಿಂಬಾಗಿಲಲ್ಲಿ ಈ ಸಲ ಒಂಬತ್ತು ಜನ. ನಿಮಗಾಗಿ ಏನೂ ಬೇಡವೇ ಎಂದು ಯಾರಾದರೂ ಕೇಳಿದರೆ, ಜೂರಾಕಾನ್ ಒದ್ದೆ ಕೈ ಒರೆಸಿಕೊಳ್ಳುತ್ತಾರೆ.

“ಬೇಕಪ್ಪ. ನಮ್ಮನೆ ಪಟ್ಟಿಯಿಂದ ಎಲ್ಲರ ಹೆಸರೂ ಹೋಗ್ಬೇಕು. ಕಾಗದದ ಮೇಲೂ ನಾನೊಬ್ಬಳೇ ಉಳ್ಕೋಬೇಕು.”