ಹೆಸರು ಕೂಗಿ ಹಾರುವುದು

ಐವತ್ತು ದಾಟಿದ ಗಂಡಸು ಹವ್ಯಾಸ ಹಿಡಿದರೆ ಊರು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ಭಜನೆಗೆ ಸೇರುತ್ತಾರೆ. ನಾನು ಬಾವಿಗೆ ಹಾರತೊಡಗಿದೆ. ಆದರೆ ರಾಯದುರ್ಗದಲ್ಲಿ ಬಟ್ಟೆ ಹೊಲಿಯುವವನೊಬ್ಬ, ಹೆಂಡತಿ ಸತ್ತು ವರ್ಷ ತುಂಬುತ್ತಲೇ ‘ಬಾವಿಗೆ ಹಾರಲು ಹೊರಟೆ’ ಎಂದರೆ ಜನ ಏನೆಂದು ತಿಳಿಯಬೇಕು? ಪಕ್ಕದ ಅಂಗಡಿಯವರು ನನ್ನ ಎರಡೂ ಕೈ ಹಿಡಿದುಕೊಂಡು, “ಅಂಥಾ ವಿಚಾರ ಮಾಡಬ್ಯಾಡ್ರಿ, ಮಗಳ ಮುಖ ನೋಡ್ರಿ” ಎಂದು ಕಣ್ಣೀರು ತಂದುಕೊಂಡರು. “ಇಲ್ರೀ, ಹಾರಿ ಮ್ಯಾಲ ಬರ್ತೀನ್ರಿ” ಎಂದು ನಾನೇ ಅವರನ್ನು ಸಮಾಧಾನಪಡಿಸಬೇಕಾಯಿತು.

ಹೆಂಡತಿಯ ತವರು ಮಡಕಶಿರಾದ ಕಡೆ, ಅಮರಾಪುರದ ಹತ್ತಿರ. ಅವರ ಹೊಲದಲ್ಲೊಂದು ಕಪಿಲೆ ಬಾವಿ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ ಕಲ್ಲುಚಪ್ಪಡಿ ಈಗಲೂ ಬಾವಿಯೊಳಕ್ಕೆ ಚಾಚಿಕೊಂಡಿದೆ. ಅವಳು ಚಿಕ್ಕಂದಿನಿಂದ ಹಾರಿದ್ದು ಅದರ ಮೇಲಿಂದಲೇ. ಮಗಳ ಮದುವೆಯಾದ ಮೇಲೂ ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಸೀರೆ ಕಚ್ಚೆ ಕಟ್ಟುವಳು, ಧುಮುಕುವಳು. ಹೊಂಗೆ ನೆರಳಲ್ಲಿ ಅವಳ ಒಣ ಸೀರೆ ಹಿಡಿದು ಕೂರುವುದು ನನ್ನ ಕೆಲಸ. “ನೀವೂ ಒಂದ್ಸಲ ಹಾರಿ, ಪ್ರಾಣ ಏನ್ ಹೋಗಲ್ಲ” ಎನ್ನುತ್ತಿದ್ದಳು. ಹೋದದ್ದು ಅವಳ ಪ್ರಾಣ, ಆಸ್ಪತ್ರೆಯ ಮಂಚದ ಮೇಲೆ. ಅಲ್ಲಿಯೂ ಅದೇ ಮಾತು ತೆಗೆದಳು. ಹಾರುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಈಜು ಕಲಿಸಿದವನು ಅವಳ ತಮ್ಮ ರಂಗಣ್ಣ. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ತೇಲುವ ನನ್ನನ್ನು ನೋಡಲು ಕುರಿ ಕಾಯುವವರೆಲ್ಲ ಬಂದರು, ಕುರಿಗಳೂ ಬಂದವು. ಫೋನಿನಲ್ಲಿ ಹೊರದೇಶದವರ ಹಾರಾಟವನ್ನೂ ನೋಡಿಟ್ಟುಕೊಂಡೆ. ಅವರು ಕುಣಿಯುವ ಹಲಗೆಯಿಂದ ಮೇಲೆದ್ದು, ಗಾಳಿಯಲ್ಲಿ ಲಾಗ ಹಾಕಿ, ಹನಿಯೂ ಚಿಮ್ಮದಂತೆ ನೀರೊಳಗೆ ಇಳಿಯುತ್ತಾರೆ. ಎಷ್ಟು ಕಡಿಮೆ ಚಿಮ್ಮಿದರೆ ಅಷ್ಟು ಹೆಚ್ಚು ಅಂಕವಂತೆ. ನಮ್ಮಲ್ಲಿ ನೀರು ದಡದವರ ಮೈಮೇಲೆ ಬೀಳದಿದ್ದರೆ ಹಾರಿದ್ದಕ್ಕೆ ಸಾಕ್ಷಿಯೇ ಇಲ್ಲ.

ನನಗೆ ಕಷ್ಟವಾದದ್ದು ಎತ್ತರವಲ್ಲ, ಆ ಬಾವಿಯ ಕಟ್ಟಳೆ. “ಸುಮ್ಕೆ ಹಾರಂಗಿಲ್ಲ ಬಾವ. ಮನ್ಸಲ್ಲಿರೋರ ಹೆಸ್ರು ಕೂಗ್ಬೇಕು. ಕೆಳಗಿರೋರು ಪಕ್ಕಕ್ಕೆ ಸರೀತಾರೆ, ಗಂಗಮ್ಮಂಗೂ ಗೊತ್ತಾಗ್ತದೆ” ಎಂದ ರಂಗಣ್ಣ. ಅವನು ಕೂಗುವುದು ತನ್ನ ಟಗರಿನ ಹೆಸರು. ಅದಕ್ಕೆ ಅವನ ಹೆಂಡತಿಗೆ ಇನ್ನೂ ಮುನಿಸು.

ನಾನು ಯಾರ ಹೆಸರು ಕೂಗಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಬಲವಂತದಿಂದ ಹೇಳಿಸಿದ್ದು ಬಿಟ್ಟರೆ, ನಾನು ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳಿದವನೇ ಅಲ್ಲ. ‘ಏನ’, ‘ಇಲ್ನೋಡು’, ‘ಕೇಳಿಸ್ತಾ’, ಇಷ್ಟರಲ್ಲೇ ಸಂಸಾರ ನಡೆಯಿತು. ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅವಳೂ ನನ್ನ ಹೆಸರು ಹೇಳಲಿಲ್ಲ, ನಾನು ಗುಂಡುಕಲ್ಲಿನಂತೆ ಇದ್ದೇನೆ. ನಾನೂ ಅವಳ ಹೆಸರು ಹೇಳಲಿಲ್ಲ, ಅವಳು ಉಳಿಯಲಿಲ್ಲ. ಶಾಸ್ತ್ರ ಎಲ್ಲಿ ತಪ್ಪಿತೋ ಕೇಳೋಣವೆಂದರೆ ಆ ಹಿರಿಯರೂ ಈಗಿಲ್ಲ.

ಚಪ್ಪಡಿಯ ತುದಿಯಲ್ಲಿ ನಿಂತೆ. ಬಾಯಿ ತೆರೆದೆ, ಗಾಳಿ ಬಂತು, ಹೆಸರು ಬರಲಿಲ್ಲ. ತಿರುಗಿ ಬಂದು ಕೂತೆ. ಮತ್ತೆ ಹೋದೆ, ಮತ್ತೆ ಬಂದೆ. “ಯಾಕ್ ಬಾವ, ಮರ್ತೋಯ್ತಾ?” ಎಂದ ರಂಗಣ್ಣ, ಮೆಲ್ಲಗೆ. ಆ ಮಾತು ಸೂಜಿ ಚುಚ್ಚಿದಂತೆ ಚುಚ್ಚಿತು. ಎದ್ದವನೇ ಓಡಿದೆ.

“ರತ್ನಾ!”

ಎಷ್ಟು ಜೋರಾಗಿ ಕೂಗಿದೆನೋ, ಹೊಂಗೆಯ ಹಕ್ಕಿಗಳೆಲ್ಲ ಎದ್ದವು. ತಲೆ ಮೊದಲು ಹೋಗಬೇಕಿತ್ತು, ಹೊಟ್ಟೆ ಹೋಯಿತು. ಮೂಗಿನ ತುಂಬಾ ನೀರು. ಕೆಮ್ಮುತ್ತಾ ಮೆಟ್ಟಿಲು ಹಿಡಿದಾಗ, ಪೂರ್ತಿ ನೆನೆದುಹೋಗಿದ್ದ ರಂಗಣ್ಣ ಕೈ ಕೊಟ್ಟು ಎಳೆದುಕೊಂಡ. “ನಮ್ಮಕ್ಕ ಇದ್ದಿದ್ರೆ ಒಲೆ ಮೇಲಿನ ಸಾರು ಬಿಟ್ಟು ಓಡ್ಬರೋಳು ಬಾವ” ಎಂದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅತ್ತೆವು.

ಎರಡೇ ಅಕ್ಷರದ ಹೆಸರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದಿದ್ದರೆ ಆಗುತ್ತಿತ್ತು. ಮೂಗಿಗೆ ನೀರೂ ಹೋಗುತ್ತಿರಲಿಲ್ಲ.