ಹುಳುಮನೆಯ ಅಣಬೆ

ದೊಡ್ಡಬೆಳವಂಗಲದಲ್ಲಿ ನಮ್ಮ ಪಕ್ಕದ ಮನೆಯವಳು ಅಣಬೆ ಬೆಳೆಯುತ್ತಿದ್ದಳು. ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹುಳುಮನೆಯಲ್ಲಿ ಹುಲ್ಲು ತುಂಬಿದ ಚೀಲಗಳನ್ನು ತೂಗುಹಾಕಿದ್ದಳು. ಮಾತಾಡುವಾಗಲೂ ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇರುವಳು. ಕೂತು ಹೋಗು ಅಂದರೆ, "ಇವತ್ತು ಕಿತ್ತಿದ್ದು ಇವತ್ತೇ ಹೋಗ್ಬೇಕಕ್ಕ" ಎಂದು ಬಸ್ಸಿಗೆ ಓಡುವಳು.

ಒಂದು ದಿನ ದೊಡ್ಡಬಳ್ಳಾಪುರದ ಗೃಹಪ್ರವೇಶವೊಂದಕ್ಕೆ ಬೇಕೆಂದು ಹೇಳಿಕಳಿಸಿದ್ದರಿಂದ ಬುಟ್ಟಿ ತುಂಬ ಅಣಬೆ ಒಯ್ದವಳು ಮಧ್ಯಾಹ್ನ ಹಾಗೇ ವಾಪಸ್ ಬಂದಳು. ಶುಭಕಾರ್ಯಕ್ಕೆ ಅಣಬೆ ಬೇಡವೆಂದು ಆ ಮನೆಯ ಹಿರಿಯರು ಬಾಗಿಲಲ್ಲೇ ತಡೆದಿದ್ದರಂತೆ. ನಮ್ಮ ಜಗಲಿಯ ಮೇಲೆ ಬುಟ್ಟಿ ಇಳಿಸಿ ಕೂತಳು.

"ನಮ್ಮನೇಲೂ ಮಾಡೋ ಹಾಗಿಲ್ಲ. ಅತ್ತೆ ಒಲೆ ಹತ್ರಕ್ಕೂ ಬಿಡಲ್ಲ," ಎಂದಳು. ಅವಳ ಅತ್ತೆ ಅಣಬೆ ತಿನ್ನುವುದಿರಲಿ, ಆ ಹುಳುಮನೆಯೊಳಗೆ ಕಾಲೂ ಇಟ್ಟಿರಲಿಲ್ಲ.

"ನಮ್ಮನೇಲಿ ಮಾಡು ಬಾ," ಎಂದೆ.

ಸಾರು ಕುದಿಯುವಾಗ ಸೊಸೆಯನ್ನು ಹುಡುಕಿಕೊಂಡು ಅತ್ತೆಯೇ ಬಂದರು. ನಡೆದದ್ದನ್ನು ನಾನೇ ಹೇಳಿದೆ.

"ಬೇಡ ಅನ್ನೋರು ಮುಂಚೇನೇ ಹೇಳ್ಬಾರ್ದಿತ್ತಾ? ನೀನಾದ್ರೂ ಕೇಳ್ಬಾರ್ದಿತ್ತೇನೇ?" ಎಂದು ಸೊಸೆಯತ್ತ ತಿರುಗಿ ಗದರಿದರು.

ಅವಳು ಗೋಡೆಗೆ ಒರಗಿ ಕೂತು, ಸೌಟು ಹಿಡಿದುಕೊಂಡೇ ನಿದ್ದೆಹೋಗಿದ್ದಳು.

ಅತ್ತೆ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಸೌಟನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟರು.

"ಎಬ್ಬಿಸ್ಬೇಡ ಕಣವ್ವ. ಆ ಚೀಲಗಳಿಗೆ ಸಂಜೆ ನೀರು ಹೊಡೀಬೇಕಂತಲ್ಲ, ನೀನು ನೋಡಿದೀಯಲ್ಲ, ಹೆಂಗೆ ಅಂತ ಬಂದು ತೋರ್ಸು," ಎಂದು ಸೆರಗು ಸಿಕ್ಕಿಸಿಕೊಂಡು ಹೊರಟರು.