ಅಕ್ಕನ ಬಚ್ಚಲು ಕಟ್ಟಿದವರು

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಗಾರೆ ಕೆಲಸಕ್ಕೆ ಬರುತ್ತಿದ್ದ ಮೇಸ್ತ್ರಿಯೊಬ್ಬರು, ಮಣ್ಣಿನ ಪೈಪು ಕೂಡಿಸಿದ ಮೇಲೆ ಅರಿಸಿನ ಸುಣ್ಣ ಕದಡಿದ ಓಕುಳಿ ಸುರಿದು, ಆಚೆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಂಪು ನೀರು ಬರುವುದನ್ನೇ ಕಾಯುತ್ತಿದ್ದರು. ಇಳಿಜಾರಿಗೆ ವಾಟ ಎನ್ನುತ್ತಿದ್ದರು. “ನೀರು ಯಾರ್ ಮಾತೂ ಕೇಳಕಿಲ್ಲ ಕಣಣ್ಣ, ವಾಟ ಇದ್ರೆ ಓಯ್ತದೆ.”

ಸೊಂಟ ಮುರಿದುಕೊಂಡ ಅಕ್ಕ ನಮ್ಮಲ್ಲಿಗೆ ಬಂದಾಗ, ಹಿತ್ತಲಿಗೆ ನಡೆಯಲಾರಳೆಂದು ಅವಳ ಕೋಣೆಗೇ ಸೇರಿಸಿ ಅವರಿಂದಲೇ ಬಚ್ಚಲು ಕಟ್ಟಿಸಿದೆ. ಹಳೆಯ ಪೈಪಿಗೆ ಕೂಡಿಸಲು ನಡುಮನೆ ಅಗೆಯಬೇಕೆಂದರು. ಆಗಷ್ಟೇ ಹಾಕಿಸಿದ್ದ ಕೆಂಪು ನೆಲ ಹಾಳಾಗುತ್ತದೆಂದು ನಾನು ಒಪ್ಪಲಿಲ್ಲ. ಗೋಡೆ ಸುತ್ತಿ ಪೈಪು ಹಾಕಿಸಿದೆ. ಓಕುಳಿ ಆಚೆ ತಲುಪಲಿಲ್ಲ.

“ವಾಟ ಸಾಲ್ದು ಕಣಣ್ಣ,” ಎಂದರು.

“ಇರಲಿ ಬಿಡಿ,” ಎಂದೆ.

ವಾರದೊಳಗೆ ಕೊಳೆನೀರು ಹಿಂದಕ್ಕೆ ನುಗ್ಗಿತು. ಅವರು ಬಂದು ನನ್ನನ್ನು ಕೇಳದೆಯೇ ನಡುಮನೆ ಅಗೆಯತೊಡಗಿದರು.

“ಏನ್ ಕೆಲ್ಸನಯ್ಯ ನಿಂದು, ನನ್ ಹಾಸ್ಗೆವರ್ಗೂ ಬಂತಲ್ಲ ನೀರು,” ಎಂದು ಅಕ್ಕ ಗದರಿದಳು.

“ನಂದೇ ತೆಪ್ಪಾಯ್ತು ಕಣವ್ವ,” ಎಂದರು.

ಹಾಗೇಕೆ ಹೇಳಿದಿರೆಂದು ಆಮೇಲೆ ಹೊರಗೆ ಕೇಳಿದೆ.

“ನಾನು ಸಂಜೀಕೆ ಓಯ್ತೀನಿ. ಆಯವ್ವ ನಿಮ್ಮನೇಲೇ ಇರ್ಬೇಕಲ್ಲಣ್ಣ.”

ಸಾಯುವವರೆಗೂ ಅಕ್ಕ ಅವರನ್ನು ಬೈಯುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.